ಮಾನವಶಾಸ್ತ್ರಜ್ಞ: ಬಲ್ಲವರ ಶಾಸ್ತ್ರ, ಮಾಡುವವರ ಶಾಸ್ತ್ರ

ಮನುಷ್ಯರ ದೇಹ, ಕುಲ, ನಂಟಸ್ತಿಕೆ, ನುಡಿ, ಉಣಿಸು, ಆಚರಣೆ, ದೈವ ಇವುಗಳನ್ನು ಬಿಡಿಬಿಡಿಯಾಗಿ ನೋಡದೆ ಒಂದರೊಳಗೊಂದು ಹೆಣೆದುಕೊಂಡ ಬದುಕಾಗಿ ನೋಡುವ ಶಿಸ್ತಿಗೆ ಮಾನವಶಾಸ್ತ್ರವೆಂದೂ, ಆ ಶಿಸ್ತಿನಲ್ಲಿ ಪಳಗಿ ಒಂದು ಊರಿನಲ್ಲೋ ಒಂದು ಸಮುದಾಯದ ನಡುವೆಯೋ ದೀರ್ಘಕಾಲ ನೆಲೆಸಿ ಅಲ್ಲಿನ ಬದುಕನ್ನು ಬರೆದಿಡುವ ವಿದ್ವಾಂಸರಿಗೆ ಮಾನವಶಾಸ್ತ್ರಜ್ಞರೆಂದೂ ಕನ್ನಡದಲ್ಲಿ ಹೆಸರು ನಿಂತಿದೆ. ತಲೆಬುರುಡೆ, ರಕ್ತದ ಗುಂಪು, ವಂಶವಾಹಿಗಳನ್ನು ಪರೀಕ್ಷಿಸುವ ದೈಹಿಕ ಮಾನವಶಾಸ್ತ್ರಜ್ಞರೂ, ಮದುವೆ, ಜಾತಿ, ಪೂಜೆ, ಪಂಚಾಯಿತಿಗಳನ್ನು ಅಧ್ಯಯನ ಮಾಡುವ ಸಾಮಾಜಿಕ ಮಾನವಶಾಸ್ತ್ರಜ್ಞರೂ ಇದೇ ಒಂದು ಹೆಸರಿನಡಿ ಬರುತ್ತಾರೆ. ಸಮಾಜಶಾಸ್ತ್ರಜ್ಞರು ತಮ್ಮದೇ ಸಮಾಜವನ್ನೂ ಮಾನವಶಾಸ್ತ್ರಜ್ಞರು ಅನ್ಯರ ಸಮಾಜವನ್ನೂ ನೋಡುವವರೆಂಬ ಹಳೆಯ ಗೆರೆ ಯುರೋಪಿನ ಆಳ್ವಿಕೆಯ ಕಾಲದಲ್ಲಿ ಎಳೆದದ್ದು. ಮೈಸೂರಿನಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಮಾನವಶಾಸ್ತ್ರ ಕಲಿತ ಎಂ. ಎನ್. ಶ್ರೀನಿವಾಸರು (1916–1999) ಭಾರತದ ಮಟ್ಟಿಗೆ ಆ ಗೆರೆಗೆ ಅರ್ಥವಿಲ್ಲವೆಂದು ವಾದಿಸಿ ಎರಡೂ ಹೆಸರುಗಳನ್ನು ಹೊತ್ತು ಬಾಳಿದರು.

ಇಂಗ್ಲಿಷಿನ ಆಂತ್ರೊಪಾಲಜಿಸ್ಟ್ ಪದದ ಗ್ರೀಕ್ ಮೂಲರೂಪಕ್ಕೆ ಇಂಥ ಗೌರವವಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಅದನ್ನು ಬಳಸಿದ್ದು ಮಂದಿಯ ವಿಚಾರ ಆಡಿಕೊಳ್ಳುವವನು ಎಂಬ ಅರ್ಥದಲ್ಲಿ. ದೊಡ್ಡ ಮನಸ್ಸಿನವನು ಅಂಥವನಾಗಿರುವುದಿಲ್ಲ ಎಂದು ಹೇಳುವುದಕ್ಕಾಗಿ. ಕನ್ನಡ ರೂಪವಾದರೋ ಪದದ ಕೊನೆಯಲ್ಲಿ ಜ್ಞ ಎಂಬ ಅಕ್ಷರವನ್ನಿಟ್ಟು, ಆಡಿಕೊಳ್ಳುವವನನ್ನು ಬಲ್ಲವನ ಪೀಠಕ್ಕೆ ಏರಿಸಿದೆ. ವೇದಜ್ಞ, ಧರ್ಮಜ್ಞ, ಬ್ರಹ್ಮಜ್ಞ ಎಂಬ ಪದಗಳ ಸಾಲಿನಲ್ಲಿ ಬಂದು ನಿಂತಾಗ ಮಾನವಶಾಸ್ತ್ರಜ್ಞನ ಬಗ್ಗೆ ಒಂದು ತಾತ್ವಿಕ ಪ್ರಶ್ನೆ ತಾನಾಗಿ ಏಳುತ್ತದೆ. ಬ್ರಹ್ಮಜ್ಞನಿಗೆ ತಾನು ಅರಿತ ವಸ್ತುವಿನಿಂದ ಬೇರೆಯಾದ ಅಸ್ತಿತ್ವವಿಲ್ಲವೆಂದು ಉಪನಿಷತ್ತಿನ ಪರಂಪರೆ ಹೇಳುತ್ತದೆ. ಮಾನವಶಾಸ್ತ್ರಜ್ಞನು ಮಾತ್ರ ಇನ್ನೊಬ್ಬರ ದೈವವನ್ನು ತನ್ನ ದೈವವಾಗಿಸಿಕೊಳ್ಳದೆ, ಅದನ್ನು ಸುಳ್ಳೆಂದೂ ಹೇಳದೆ, ಅದರ ಬಗ್ಗೆ ತಿಳಿಯಬಲ್ಲೆನೆಂದು ಹೊರಡುತ್ತಾನೆ. ತನ್ನದಲ್ಲದ ದೈವದ ಎದುರು ನಿಂತವನ ಈ ತಿಳಿವು ಯಾವ ಬಗೆಯದು, ಅದಕ್ಕೆ ನಂಬಿಕೆ ಬೇಕೇ ಬೇಡವೇ ಎಂಬುದನ್ನು ಶಿವಮೊಗ್ಗ ಮತ್ತು ಭದ್ರಾವತಿಯ ಆಸುಪಾಸಿನ ಕೆಲವು ನಿದರ್ಶನಗಳ ಮೂಲಕ ವಿಚಾರಿಸುವುದು ಸಾಧ್ಯವಿದೆ. ಕರ್ನಾಟಕದಲ್ಲಿ ಈ ಪ್ರಶ್ನೆ ಇಷ್ಟು ಬಗೆಗಳಲ್ಲಿ ಎದ್ದ ಜಿಲ್ಲೆಗಳು ಹೆಚ್ಚಿಲ್ಲ.

ಶಿವಮೊಗ್ಗ ಜಿಲ್ಲೆಯಲ್ಲಿ ಅಂಗಡಿಯ ಬಾಗಿಲ ಮೇಲೆ, ಅಡಿಕೆ ತೋಟದ ಬೇಲಿಗೆ, ಖಾಲಿ ನಿವೇಶನದ ಕಂಬಕ್ಕೆ, ಕೆಲವೊಮ್ಮೆ ಲಾರಿಯ ಹಿಂಬದಿಗೆ ಒಂದು ಫಲಕವನ್ನು ಕಾಣಬಹುದು: ಈ ಸ್ವತ್ತಿಗೆ ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ ಎಂಬುದು ಅದರ ತಾತ್ಪರ್ಯ. ಸಿಗಂದೂರು ಇರುವುದು ಸಾಗರ ತಾಲ್ಲೂಕಿನಲ್ಲಿ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಉಂಟಾದ ಶರಾವತಿ ಹಿನ್ನೀರಿನ ಆಚೆ ದಡದಲ್ಲಿ. 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಭಕ್ತರು ಲಾಂಚಿನಲ್ಲಿ ದಾಟಿ ಅಲ್ಲಿಗೆ ಹೋಗಬೇಕಿತ್ತು. ಕಳವು, ಗಡಿ ಒತ್ತುವರಿ, ಕೊಟ್ಟ ಸಾಲದ ನಿರಾಕರಣೆ ಇಂಥ ಅನ್ಯಾಯಗಳಿಗೆ ಗುರಿಯಾದವರು ದೇವಿಯ ಮುಂದೆ ದೂರು ಒಪ್ಪಿಸುತ್ತಾರೆ, ತಪ್ಪಿತಸ್ಥರು ಅಂಜಿ ವಸ್ತುವನ್ನು ಹಿಂದಿರುಗಿಸುವುದೂ ಉಂಟೆಂದು ಜನ ಹೇಳುತ್ತಾರೆ. ಫಲಕ ತೂಗುವ ಬಾಗಿಲಿಗೇ ಬೀಗವೂ ಇರುತ್ತದೆ, ಅದೇ ಅಂಗಡಿಯೊಳಗೆ ಸಿಸಿ ಕ್ಯಾಮೆರಾವೂ ಇರುತ್ತದೆ. ಒಂದರಿಂದ ಇನ್ನೊಂದಕ್ಕೆ ಕುಂದು ಬಂತೆಂದು ಅಂಗಡಿಯವರು ತಿಳಿಯುವುದಿಲ್ಲ.

ದೈವಕ್ಕೆ ದೂರು ಒಪ್ಪಿಸುವ ಈ ಪದ್ಧತಿಯನ್ನು ಲೋಕದ ವಿದ್ವತ್ತಿನ ಮುಂದಿಟ್ಟವರು ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾರ್ಪರ್. 1950ರ ದಶಕದ ನಡುವಿನಲ್ಲಿ ಮಲೆನಾಡಿನ ಒಂದು ಊರಿನಲ್ಲಿ ನೆಲೆಸಿ, ಆ ಊರನ್ನು ತಮ್ಮ ಬರಹಗಳಲ್ಲಿ ತೋಟಗದ್ದೆ ಎಂದು ಕರೆದು, ಅವರು 1957ರಲ್ಲಿ ಪ್ರಕಟಿಸಿದ ಲೇಖನವೊಂದರ ತಲೆಬರಹದಲ್ಲೇ ಹೊಯ್ಲು ಎಂಬ ಕನ್ನಡ ಪದವಿದೆ. ಹುಯಿಲಿಡುವುದು ಎಂಬ ನುಡಿಗಟ್ಟಿನಲ್ಲಿ ಇಂದಿಗೂ ಉಳಿದಿರುವ, ಹಳಗನ್ನಡದಲ್ಲಿ ಆರ್ತನಾದ, ಕೂಗು, ಕಾಳಗಗಳಿಗೆ ಸಲ್ಲುತ್ತಿದ್ದ ಮಾತು ಅದು. ನ್ಯಾಯ ಸಿಗದವನು ದೈವದ ಮುಂದೆ ಕೂಗಿಕೊಂಡರೆ ದೈವ ಎದುರಾಳಿಯ ಮೇಲೆ ಕ್ರಮ ತೆಗೆದುಕೊಳ್ಳುತ್ತದೆಂಬ ತಿಳಿವಳಿಕೆ ಊರಿನ ನ್ಯಾಯವ್ಯವಸ್ಥೆಯ ಒಂದು ಅಂಗವಾಗಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಅವರ ಆಸಕ್ತಿ. ಆದರೆ ಲೇಖನದ ಉಪಶೀರ್ಷಿಕೆ ಇದನ್ನು ನ್ಯಾಯಕ್ಕೂ ಅತಿಮಾನುಷಕ್ಕೂ ನಂಟು ಕಟ್ಟುವ ಒಂದು ನಂಬಿಕೆ ಎಂದು ಗುರುತಿಸುತ್ತದೆ. ಇಲ್ಲಿ ಬಂದಿರುವ ನಂಬಿಕೆ ಮತ್ತು ಅತಿಮಾನುಷ ಎಂಬ ಎರಡು ಪದಗಳೂ ಹುಯಿಲಿಟ್ಟವನವಲ್ಲ, ಬರೆದುಕೊಂಡವನವು. ಸಿಗಂದೂರಿಗೆ ಹೊರಟವನ ಮಟ್ಟಿಗೆ ಅದು ಠಾಣೆಗೆ ಹೋಗುವುದು, ವಕೀಲರನ್ನು ಕಾಣುವುದು, ಊರ ಹಿರಿಯರಲ್ಲಿ ಹೇಳಿಕೊಳ್ಳುವುದು ಇವುಗಳ ಜತೆಗೆ ಮಾಡುವ ಮತ್ತೊಂದು ಕೆಲಸ. ನೀನು ಅದನ್ನು ನಂಬುತ್ತೀಯಾ ಎಂದು ಅವನನ್ನು ಕೇಳಿದರೆ ಅವನು ಹೌದೆನ್ನಬಹುದು, ಯಾವುದಕ್ಕೂ ಇರಲಿ ಎಂದೂ ಅನ್ನಬಹುದು. ಯಾವ ಉತ್ತರದಿಂದಲೂ ಅವನ ದೂರಿನ ಬಲ ಹೆಚ್ಚು ಕಡಿಮೆಯಾಗುವುದಿಲ್ಲ.

ಇಂಗ್ಲೆಂಡಿನ ಎಡ್ವರ್ಡ್ ಟೈಲರ್ 1871ರಲ್ಲಿ ಧರ್ಮವೆಂದರೆ ಅಶರೀರ ಜೀವಿಗಳಲ್ಲಿ ಇಡುವ ನಂಬಿಕೆಯೆಂದು ವ್ಯಾಖ್ಯಾನಿಸಿದ ಮೇಲೆ, ಮಾನವಶಾಸ್ತ್ರಜ್ಞನಾದವನು ಯಾವ ನಾಡಿಗೆ ಹೋದರೂ ಮೊದಲು ಹುಡುಕಬೇಕಾದದ್ದು ನಂಬಿಕೆಗಳನ್ನು ಎಂಬುದು ಆ ಶಿಸ್ತಿನ ವಾಡಿಕೆಯಾಯಿತು. ನಂಬಿಕೆಯನ್ನು ಹುಡುಕಿದವನ ಮುಂದೆ ಕೂಡಲೇ ಬರುವ ಇಕ್ಕಟ್ಟೆಂದರೆ ಅದು ನಿಜವೇ ಸುಳ್ಳೇ ಎಂಬುದು. ತಾನು ಆ ತೀರ್ಪಿಗೆ ಕೈಹಾಕುವುದಿಲ್ಲ, ಜನ ಹೇಗೆ ಬದುಕುತ್ತಾರೆಂಬುದನ್ನಷ್ಟೇ ಹೇಳುತ್ತೇನೆಂದು ದೂರ ನಿಲ್ಲುವ ನಿಲುವನ್ನು ಈ ಶಿಸ್ತು ನಿಧಾನವಾಗಿ ರೂಢಿಸಿಕೊಂಡಿತು. ತೀರ್ಪನ್ನು ಬೇಕೆಂದೇ ತಡೆಹಿಡಿಯುವ ಈ ಕ್ರಮವನ್ನು ವಿಧಾನಕ್ಕೆ ಸೀಮಿತವಾದ ಅಜ್ಞೇಯತಾವಾದ ಎನ್ನಬಹುದು. ಶ್ರೀನಿವಾಸರ ಗುರುಗಳಲ್ಲೊಬ್ಬರಾದ ಇವಾನ್ಸ್-ಪ್ರಿಚರ್ಡ್ ಆಫ್ರಿಕದ ಅಜಾಂಡೆ ಜನರ ನಡುವೆ ಇದ್ದಷ್ಟು ಕಾಲ ಮನೆಯ ವ್ಯವಹಾರಗಳನ್ನು ಆ ಜನರಂತೆಯೇ ಕಣಿ ಕೇಳಿ ನಡೆಸಿದರು, ಆ ಪದ್ಧತಿ ಬೇರೆ ಯಾವುದಕ್ಕೂ ಕಡಿಮೆಯಿಲ್ಲದಂತೆ ಕೆಲಸ ಮಾಡಿತೆಂದು 1937ರ ತಮ್ಮ ಪುಸ್ತಕದಲ್ಲಿ ಬರೆದರು, ಮಾಟ ಎಂಬುದು ಮಾತ್ರ ಇಲ್ಲವೆಂದೇ ತಿಳಿದಿದ್ದರು. ಮುಂದೆ 1944ರಲ್ಲಿ ಅವರು ಕ್ಯಾಥೊಲಿಕ್ ಮತವನ್ನು ಸೇರಿದರು. ಮಾಡುವುದು, ನಂಬುವುದು, ತಿಳಿಯುವುದು ಮೂರೂ ಒಬ್ಬನೇ ವಿದ್ವಾಂಸನಲ್ಲಿ ಮೂರು ದಾರಿ ಹಿಡಿದಿದ್ದವೆಂದರೆ, ಅಧ್ಯಯನಕ್ಕೆ ಒಳಗಾದ ಜನರಲ್ಲಿ ಅವು ಒಂದೇ ದಾರಿಯಲ್ಲಿರುತ್ತವೆಂದು ಊಹಿಸುವುದಕ್ಕೆ ಆಧಾರವೇನೂ ಇಲ್ಲ.

ಭದ್ರಾವತಿ ಈ ಊಹೆಯನ್ನು ಪರೀಕ್ಷಿಸುವುದಕ್ಕೆ ತಕ್ಕ ಊರು. ಬೆಂಕಿಪುರವೆಂಬ ಹಳೆಯ ಹೆಸರಿನ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವ ಈ ಊರಿನಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಗಿ, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಿಲಿನಿಂದ ಕರಗಿಸುವ ಕುಲುಮೆ 1923ರಲ್ಲಿ ಉರಿಯತೊಡಗಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. ಕೆಲಸಕ್ಕಾಗಿ ತಮಿಳು, ತೆಲುಗು, ಮಲಯಾಳಂ ನಾಡುಗಳಿಂದ ಬಂದವರು ತಮ್ಮ ತಮ್ಮ ಅಮ್ಮಂದಿರನ್ನೂ ಅಯ್ಯಂದಿರನ್ನೂ ಜತೆಗೆ ತಂದರು. ಇಂಥ ಕಾರ್ಖಾನೆಯ ಊರಿನಲ್ಲಿ ಮಹಾನವಮಿಯ ದಿನದ ಆಯುಧಪೂಜೆಯನ್ನು ಹತ್ತಿರದಿಂದ ನೋಡಿದರೆ ಟೈಲರನ ವ್ಯಾಖ್ಯಾನ ನಿಲ್ಲುವುದಿಲ್ಲ. ಹಿಂದಿನ ಸಂಜೆಯೇ ಲೇತಿನ ಹಾಸಿನಿಂದ ಲೋಹದ ಸುರುಳಿಗಳನ್ನು ಗುಡಿಸಿ, ಎಣ್ಣೆ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ಸ್ಪ್ಯಾನರುಗಳನ್ನು ಅಳತೆಯ ಕ್ರಮದಲ್ಲಿ ಜೋಡಿಸಿಟ್ಟು, ಮರುದಿನ ಯಂತ್ರದ ಹಣೆಯೆಂದು ತೋರುವ ಜಾಗಕ್ಕೆ ವಿಭೂತಿಯ ಮೂರು ಗೆರೆ ಎಳೆದು ಕುಂಕುಮವಿಟ್ಟು, ಚೆಂಡುಹೂವಿನ ಸರ ಹಾಕಿ, ಬಾಗಿಲಿಗೆ ಬಾಳೆಕಂದು ಕಟ್ಟಿ, ತೂತು ಕೊರೆದು ಕುಂಕುಮ ತುಂಬಿದ ಬೂದುಗುಂಬಳವನ್ನು ನಿವಾಳಿಸಿ ಹೊಸ್ತಿಲಾಚೆ ಒಡೆದು, ಕೊನೆಗೆ ಮಂಡಕ್ಕಿ ಹಂಚುವ ಈ ಕೆಲಸದಲ್ಲಿ ಫಿಟ್ಟರ್, ಟರ್ನರ್, ವೆಲ್ಡರುಗಳೆಲ್ಲ ತೊಡಗುತ್ತಾರೆ. ಅನ್ಯಮತದ ಕೆಲಸಗಾರರು ಕೈಜೋಡಿಸುವುದೂ ಅಪರೂಪವಲ್ಲ. ಲೇತಿನೊಳಗೆ ಒಂದು ಅಶರೀರ ಜೀವಿಯಿದೆಯೆಂದು ಇವರಲ್ಲಿ ಯಾರೂ ತಿಳಿದಿಲ್ಲ. ಆ ಯಂತ್ರದ ಗೇರುಗಳನ್ನು ಬಿಚ್ಚಿ ಜೋಡಿಸಬಲ್ಲವರು ಅವರೇ. ಪೂಜೆ ಯಾಕೆಂದು ಕೇಳಿದವರಿಗೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ಅನ್ನ ಕೊಡುವ ವಸ್ತು, ವರ್ಷಕ್ಕೊಮ್ಮೆ ಮಾಡಬೇಕು. ಶ್ರೀನಿವಾಸರು ತಾವು ಅಧ್ಯಯನ ಮಾಡಿದ ರಾಂಪುರಕ್ಕೆ 1952ರ ಸುಮಾರಿಗೆ ನೆಲ ಸಮ ಮಾಡಲು ಬಂದ ಬುಲ್ಡೋಜರ್ ಚಾಲಕನೊಬ್ಬ ಬಿಡುವಿನಲ್ಲಿ ಮಾಟಮಂತ್ರದಲ್ಲಿ ಕೈಯಾಡಿಸುತ್ತಿದ್ದುದನ್ನು ಗುರುತಿಸಿ, ಯಂತ್ರದ ಅರಿವು ಬಂದೊಡನೆ ಹಳೆಯದು ಹೋಗಿಬಿಡುತ್ತದೆಂಬ ಲೆಕ್ಕಾಚಾರವನ್ನು ಪ್ರಶ್ನಿಸಿದ್ದು ಇದೇ ಜಾಡಿನಲ್ಲಿ.

ಇಂಥ ಕೆಲಸಕ್ಕೆ ಕನ್ನಡದ ಹೆಣ್ಣುಮಕ್ಕಳು ಬಳಸುವ ಮಾತು ಶಾಸ್ತ್ರ. ಅರಿಶಿನ ಶಾಸ್ತ್ರ, ಬಳೆ ಶಾಸ್ತ್ರ, ತೊಟ್ಟಿಲ ಶಾಸ್ತ್ರ ಎಂಬಲ್ಲಿ ಶಾಸ್ತ್ರವೆಂದರೆ ಗ್ರಂಥವಲ್ಲ, ಸಿದ್ಧಾಂತವಲ್ಲ, ಕೈಯಿಂದ ಮಾಡಿ ಮುಗಿಸುವ ಕ್ರಿಯೆ. ಶಾಸ್ತ್ರಕ್ಕೆ ಒಂದಿಷ್ಟು ಮಾಡಿ ಎಂದಾಗ ಆ ಕ್ರಿಯೆಯನ್ನು ಕಿರಿದಾಗಿ ಮಾಡಿದರೂ ಸಲ್ಲುತ್ತದೆಂಬ ರಿಯಾಯಿತಿಯೂ ಅದರಲ್ಲಿ ಸೇರಿದೆ. ಮಾನವಶಾಸ್ತ್ರ ಎಂಬಲ್ಲಿ ಇರುವ ಶಾಸ್ತ್ರವಾದರೋ ತರ್ಕಶಾಸ್ತ್ರ, ಅರ್ಥಶಾಸ್ತ್ರಗಳ ಬಗೆಯದು. ಮಾಡುವವರ ಶಾಸ್ತ್ರವನ್ನು ಬಲ್ಲವರ ಶಾಸ್ತ್ರವಾಗಿ ಬರೆದುಕೊಳ್ಳುವಾಗ ಮಾಡಿದ್ದೆಲ್ಲ ನಂಬಿದ್ದಾಗಿ ಮಾರ್ಪಡುವುದೇ ಈ ವಿದ್ವತ್ತಿನ ದೊಡ್ಡ ಎಡವಟ್ಟು, ಮತ್ತು ಮಾನವಶಾಸ್ತ್ರಜ್ಞನಿಗೆ ನಂಬಿಕೆ ಬೇಕೇ ಬೇಡವೇ ಎಂಬ ಪ್ರಶ್ನೆಯ ತೂಕವನ್ನು ಇಳಿಸುವುದೂ ಇದೇ ಸಂಗತಿ.

ಈ ವಾದವನ್ನು ತುದಿಯವರೆಗೆ ಒಯ್ದ ಚಿಂತನೆಗೆ ಭದ್ರಾವತಿ ತಾಲ್ಲೂಕಿನಲ್ಲೇ ಒಂದು ನೆಲೆ ದೊರಕಿತು. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ, ಬೆಂಗಳೂರು ಮೂಲದ ಎಸ್. ಎನ್. ಬಾಲಗಂಗಾಧರ ಅವರು 1994ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಧರ್ಮ ಎಂಬುದು ಎಲ್ಲ ಸಂಸ್ಕೃತಿಗಳಲ್ಲೂ ಇರಲೇಬೇಕೆಂಬ ಮಾನವಶಾಸ್ತ್ರಜ್ಞರ ಗೃಹೀತವು ಕ್ಷೇತ್ರಕಾರ್ಯದಿಂದ, ಅಂದರೆ ಜನರ ನಡುವೆ ಇದ್ದು ಮಾಡಿದ ಅಧ್ಯಯನದಿಂದ, ಹುಟ್ಟಿದ್ದಲ್ಲ, ಕ್ರೈಸ್ತ ದೇವಶಾಸ್ತ್ರದಿಂದ ಎರವಲಾಗಿ ಬಂದದ್ದು ಎಂದು ವಾದಿಸಿದರು; ಭಾರತದ ಸಂಪ್ರದಾಯಗಳು ಹಿರಿಯರಿಂದ ಬಂದ ಕ್ರಿಯೆಗಳೇ ಹೊರತು ಜಗತ್ತಿನ ಬಗೆಗಿನ ಸತ್ಯಗಳ ಮಂಡನೆಯಲ್ಲವೆಂಬುದು ಅದರ ತಿರುಳು. 1987ರಲ್ಲಿ ಸ್ಥಾಪನೆಯಾಗಿ ಶಂಕರಘಟ್ಟದಲ್ಲಿ ನೆಲೆಗೊಂಡ ಕುವೆಂಪು ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕ ರಾಜಾರಾಮ ಹೆಗಡೆಯವರು ಆ ಗ್ರಂಥವನ್ನು ಸ್ಮೃತಿ-ವಿಸ್ಮೃತಿ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು, ಅಲ್ಲಿನ ಸ್ಥಳೀಯ ಸಂಸ್ಕೃತಿಗಳ ಅಧ್ಯಯನ ಕೇಂದ್ರದಲ್ಲಿ ಈ ಚಿಂತನೆಯ ಸುತ್ತ ಸಂಶೋಧನೆಗಳು ನಡೆದವು, ಕನ್ನಡ ಪತ್ರಿಕೆಗಳಲ್ಲಿ ಅವುಗಳ ಪರವಾಗಿಯೂ ವಿರುದ್ಧವಾಗಿಯೂ ಕಾವೇರಿದ ಬರಹಗಳು ಬಂದವು. ಇಲ್ಲಿಂದ ನೋಡಿದರೆ ಮಾನವಶಾಸ್ತ್ರಜ್ಞನೆಂದರೆ ಅನ್ಯರ ಧರ್ಮವನ್ನು ಬಲ್ಲವನಲ್ಲ, ತನ್ನ ಸಂಸ್ಕೃತಿಯ ಪ್ರಶ್ನೆಯನ್ನು ಅನ್ಯರ ಮೇಲೆ ಹೊರಿಸಿ ಬಂದ ಉತ್ತರವನ್ನು ಬರೆದುಕೊಂಡವನು.

ಆಯುಧಪೂಜೆಯ ಮಟ್ಟಿಗೆ ಈ ಮಾತು ಬಹಳಷ್ಟು ಸಲ್ಲುತ್ತದೆ, ಎಲ್ಲ ಕಡೆಯೂ ಸಲ್ಲುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಅಲ್ಲಮಪ್ರಭುವಿನ ಊರೆಂದೂ, ಅದೇ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರೆಂದೂ ಪರಂಪರೆ ಹೇಳುತ್ತದೆ. ಮಾಡಿದರೆ ಸಾಕು, ಅದರ ನಿಜವೇನೆಂದು ಕೇಳಬೇಡ ಎಂಬ ನಿಲುವನ್ನು ಹನ್ನೆರಡನೆಯ ಶತಮಾನದಲ್ಲೇ ಅಣಕಿಸಿ, ಅರಿವಿಲ್ಲದ ಕ್ರಿಯೆಯನ್ನೂ ಕ್ರಿಯೆಗಿಳಿಯದ ಅರಿವನ್ನೂ ಎದುರುಬದುರು ನಿಲ್ಲಿಸಿದವರು ಈ ನೆಲದವರೇ. ಯಾವ ಪಾದ್ರಿಯೂ ಬಂದು ಅವರಿಗೆ ಆ ಪ್ರಶ್ನೆಯನ್ನು ಕಲಿಸಿರಲಿಲ್ಲ. ಸಂಪ್ರದಾಯದ ಒಳಗಿನವರೆಲ್ಲ ಮಾಡುವವರು, ಕೇಳುವವರೆಲ್ಲ ಹೊರಗಿನವರು ಎಂದು ಗೆರೆ ಎಳೆದರೆ ಅಲ್ಲಮನು ಹೊರಗಿನವನಾಗಿಬಿಡುತ್ತಾನೆ.

ಒಳಗು ಹೊರಗುಗಳ ಈ ತೊಡಕು ಕೇವಲ ಗ್ರಂಥಗಳದಲ್ಲವೆಂಬುದಕ್ಕೆ ಸೊರಬ ತಾಲ್ಲೂಕಿನ ಚಂದ್ರಗುತ್ತಿ ಸಾಕ್ಷಿ. ಅಲ್ಲಿನ ರೇಣುಕಾಂಬೆಯ ಜಾತ್ರೆಯಲ್ಲಿ ಹರಕೆ ಹೊತ್ತವರು, ಅವರಲ್ಲಿ ಹೆಂಗಸರು ಮಕ್ಕಳು ಸೇರಿ, ಹೊಳೆಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಯವರೆಗೆ ಬರುವ ಸೇವೆ ನಡೆಯುತ್ತಿತ್ತು; 1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯೂ ಸೇರಿದಂತೆ ಕೆಲವು ಸಂಘಟನೆಗಳ ಕಾರ್ಯಕರ್ತರು ಅದನ್ನು ತಡೆಯಲು ಹೋದಾಗ ಅವರ ಮೇಲೂ ಪೊಲೀಸರ ಮೇಲೂ ಹಲ್ಲೆ ನಡೆದು, ಕೆಲವರ ಬಟ್ಟೆಯನ್ನೇ ಕಿತ್ತು ನಡೆಸಲಾಯಿತು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಇದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು ಬೆತ್ತಲೆ ಪೂಜೆ ಯಾಕೆ ಕೂಡದು ಎಂದು ಕೇಳಿದ ಪ್ರಬಂಧದಲ್ಲಿ, ಆಚರಣೆಯನ್ನು ಒಪ್ಪಲೂ ಆಗದ, ಅದನ್ನು ಮೌಢ್ಯವೆಂದು ತಳ್ಳಿಹಾಕುವ ಆಧುನಿಕನ ಧೈರ್ಯವನ್ನು ನಂಬಲೂ ಆಗದ ತಮ್ಮ ಇಕ್ಕಟ್ಟನ್ನು ಬಿಡಿಸಿಟ್ಟರು. ಜನಪದ ಕಲೆಯನ್ನು ಅರಸಿ ಹೊರಟ ಚಿತ್ರಕಾರನೊಬ್ಬ ರೈತನ ಗುಡಿಸಲಿನ ಕುಂಕುಮ ಬಳಿದ ಕಲ್ಲನ್ನು ಚಿತ್ರ ತೆಗೆಯಲೆಂದು ಬೆಳಕಿಗೆ ತರಿಸಿ, ಮೈಲಿಗೆ ಮಾಡಿದೆನೇನೋ ಎಂದು ಅಳುಕಿದಾಗ, ಇನ್ನೊಂದು ಕಲ್ಲು ತಂದು ಕುಂಕುಮ ಹಚ್ಚಿದರಾಯಿತು ಎಂದು ಆ ರೈತ ಹೇಳಿದನೆಂಬ ಪ್ರಸಂಗ ಅದರಲ್ಲಿದೆ. ದೈವವನ್ನು ವಸ್ತುವೆಂದು ತಿಳಿದು ಅಳುಕಿದವನು ಹೊರಗಿನವನೇ ಹೊರತು ರೈತನಲ್ಲ. ಪ್ರಬಂಧದ ಬಲವಿರುವುದು ಇಲ್ಲಿ. ಅದರ ಮಿತಿಯೆಂದರೆ, ಇಕ್ಕಟ್ಟು ಬರಹಗಾರನದಾಗಿ ಉಳಿದು, ಬೆತ್ತಲೆ ಸೇವೆಗೆ ಹೆಚ್ಚಾಗಿ ಬರುತ್ತಿದ್ದವರೂ ತಡೆಯಲು ಹೋದವರಲ್ಲಿ ಅನೇಕರೂ ದಲಿತರೇ ಎಂಬ ಸಂಗತಿ ಹಿಂದೆ ಸರಿಯುತ್ತದೆ. ಮಾನವಶಾಸ್ತ್ರಜ್ಞೆ ಲಿಂಡಾ ಎಪ್ 1992ರ ತಮ್ಮ ಲೇಖನದಲ್ಲಿ ಚಂದ್ರಗುತ್ತಿಯ ಘಟನೆಯನ್ನು ದಲಿತ ಹೋರಾಟದ ಜತೆಗಿಟ್ಟು ನೋಡಿದ್ದು ಈ ಕಾರಣದಿಂದ ಮುಖ್ಯವಾಗುತ್ತದೆ. ಅಲ್ಲಿ ಎದುರಾದದ್ದು ನಂಬುವ ಹಳ್ಳಿಗನೂ ನಂಬದ ನಾಗರಿಕನೂ ಅಲ್ಲ, ಒಂದೇ ಸಮುದಾಯದ ಎರಡು ಪ್ರಶ್ನೆಗಳು.

ತೀರ್ಪು ಕೊಡದೆ ದೂರ ನಿಲ್ಲುವುದು ಇಂಥಲ್ಲಿ ತಟಸ್ಥತೆಯಾಗಿ ಉಳಿಯುವುದಿಲ್ಲ. ಹಾರ್ಪರ್ ಅವರ ಬರಹಗಳನ್ನೇ ಒಂದರ ಪಕ್ಕದಲ್ಲಿ ಒಂದಿಟ್ಟು ಓದಿದರೆ ಇದು ಕಾಣುತ್ತದೆ. 1964ರ ಪ್ರಸಿದ್ಧ ಲೇಖನದಲ್ಲಿ ಅವರು ಆ ಸೀಮೆಯ ಹವ್ಯಕ ಬ್ರಾಹ್ಮಣರ ಮನೆಮಾತಿನಿಂದಲೇ ಮಡಿ, ಮೈಲಿಗೆ, ಮುಟ್ಟುಚಟ್ಟು ಎಂಬ ಮೂರು ಸ್ಥಿತಿಗಳನ್ನು ಬಿಡಿಸಿ ತೋರಿದರು: ಮಡಿ ದೇವರ ಮುಂದೆ ನಿಲ್ಲಲು ತಕ್ಕ ಶುದ್ಧಿ, ಮೈಲಿಗೆ ದಿನಬಳಕೆಯ ಸಾಮಾನ್ಯ ಸ್ಥಿತಿ, ಮುಟ್ಟುಚಟ್ಟು ಅದಕ್ಕೂ ಕೆಳಗಿನ ಅಶುದ್ಧಿ. ದೈವಗಳಲ್ಲೂ ಸಸ್ಯಾಹಾರದ ನೈವೇದ್ಯ ಕೊಳ್ಳುವ ದೇವರು, ರಕ್ತಬಲಿ ಕೇಳುವ ದೇವತೆ, ಕಾಡುವ ದೆವ್ವ ಎಂಬ ಶ್ರೇಣಿಯನ್ನು ಅವರು ಗುರುತಿಸಿದರು. ಮೇಲಿನ ದೇವರ ಪ್ರಸನ್ನತೆ ಊರಿಗೆಲ್ಲ ಬೇಕು, ಅದಕ್ಕೆ ಪೂಜಿಸುವವನ ಮಡಿ ಬೇಕು, ಆ ಮಡಿ ಉಳಿಯಬೇಕಾದರೆ ಮೈಲಿಗೆಯ ಕೆಲಸಗಳನ್ನು ಇನ್ನೊಬ್ಬರು ಹೊರಬೇಕು. ಹೀಗೆ ಮೈಲಿಗೆಯೇ ಜಾತಿಯನ್ನೂ ಧರ್ಮವನ್ನೂ ಒಂದಾಗಿ ಹಿಡಿದಿಡುವ ಬಂಧವೆಂಬುದು ಅವರ ನಿರೂಪಣೆ. ಅಡುಗೆಮನೆಯ ಹೊಸ್ತಿಲಿನಿಂದ ಶುರುವಾಗಿ ಊರಿನ ಗಡಿಯವರೆಗೆ ಹಬ್ಬುವ ಈ ಚಿತ್ರ ನಿಜಕ್ಕೂ ಸೊಗಸಾದದ್ದು. ಸೊಗಸೇ ಅದರ ಕೊರತೆ ಕೂಡ, ಏಕೆಂದರೆ ಮಡಿಯುಟ್ಟವನ ಜಗಲಿಯಿಂದ ನೋಡಿದಾಗ ಮಾತ್ರ ಎಲ್ಲವೂ ಅಷ್ಟು ಚೆನ್ನಾಗಿ ಹೊಂದಿಕೊಂಡಿರುವಂತೆ ತೋರುತ್ತದೆ. 1951ರಲ್ಲಿ, ಅವರು ಬರುವ ಕೆಲವೇ ವರ್ಷ ಮುಂಚೆ, ಅದೇ ಸೀಮೆಯ ಕಾಗೋಡಿನಲ್ಲಿ ದೀವರ ಗೇಣಿದಾರರು ಒಡೆಯರ ವಿರುದ್ಧ ಸತ್ಯಾಗ್ರಹ ಹೂಡಿದ್ದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾಗಿದ್ದರು. ಹೊಂದಿಕೆಯ ಚಿತ್ರದಲ್ಲಿ ಈ ಸದ್ದು ಕೇಳುವುದಿಲ್ಲ. ಆದರೆ ಹಾರ್ಪರ್ ಅಲ್ಲಿಗೇ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು. 1968ರಲ್ಲಿ ಅವರು ಮಲೆನಾಡಿನ ಹೊಲೆಯರು ತಮ್ಮ ಸ್ಥಾನವನ್ನು ಮೇಲೆತ್ತಿಕೊಳ್ಳಲು ನಡೆಸಿ ಸೋತ ಪ್ರಯತ್ನದ ಬಗ್ಗೆ ಪ್ರತ್ಯೇಕವಾಗಿ ಬರೆದರು. ಮೊದಲ ಲೇಖನವನ್ನು ಉಲ್ಲೇಖಿಸುವಷ್ಟು ಜನ ಎರಡನೆಯದನ್ನು ಉಲ್ಲೇಖಿಸುವುದಿಲ್ಲ ಎಂಬುದು ಒಬ್ಬ ವಿದ್ವಾಂಸನ ದೋಷಕ್ಕಿಂತ ಆ ಶಿಸ್ತಿನ ರುಚಿಯನ್ನು ಹೇಳುತ್ತದೆ.

ಸರ್ಕಾರದ ಬಳಕೆಯಲ್ಲಿ ಈ ಪದಕ್ಕೆ ಇನ್ನೊಂದು ಬಗೆಯ ತೂಕ ಬಂದಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳೂ ಆಗಿದ್ದ ಎಚ್. ವಿ. ನಂಜುಂಡಯ್ಯನವರು ಸಂಸ್ಥಾನದ ಜಾತಿ ಬುಡಕಟ್ಟುಗಳ ಬಗ್ಗೆ ಕೂಡಿಸಿದ ಸಾಮಗ್ರಿಯನ್ನು ಎಲ್. ಕೆ. ಅನಂತಕೃಷ್ಣ ಅಯ್ಯರ್ ಬೆಳೆಸಿ, 1928ರಿಂದ 1935ರ ನಡುವೆ ನಾಲ್ಕು ಸಂಪುಟಗಳಾಗಿ ಹೊರತಂದ ಕಾಲದಿಂದಲೂ ಮಾನವಶಾಸ್ತ್ರಜ್ಞನ ವಿವರಣೆ ಆಡಳಿತದ ಕಡತಗಳಿಗೆ ಒದಗುತ್ತ ಬಂದಿದೆ. ಇಂದು ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ಕುಲಶಾಸ್ತ್ರೀಯ ಅಧ್ಯಯನ ಎಂಬ ಮಾತು. ಒಂದು ಸಮುದಾಯವನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೇ ಎಂಬ ನಿರ್ಧಾರಕ್ಕೆ ಮೊದಲು ತಜ್ಞರು ಕೊಡುವ ವರದಿ ಅದು. 1965ರ ಲೋಕೂರ್ ಸಮಿತಿ ಹೇಳಿದ ಪ್ರಾಚೀನ ಲಕ್ಷಣಗಳು, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ ಎಂಬ ಐದು ಅಳತೆಗೋಲುಗಳನ್ನು ಹಿಡಿದು ಬರೆಯುವ ಇಂಥ ವರದಿಗಳಲ್ಲಿ ಕುಲದೈವಕ್ಕೆ, ಬಲಿಯ ಕ್ರಮಕ್ಕೆ, ಬೆಡಗು ಬಳಿಗಳಿಗೆ ಒಂದೊಂದು ಅಧ್ಯಾಯವಿರುತ್ತದೆ. ಅಲ್ಲಿ ದೈವವು ಆರಾಧನೆಯ ವಿಷಯವಾಗಿರುವಷ್ಟೇ ಪುರಾವೆಯೂ ಆಗುತ್ತದೆ, ಪುರಾವೆಯಾದ ಮೇಲೆ ಅದು ಹಳೆಯದಾಗಿರಬೇಕು, ಬೇರೆಯವರದರಂತೆ ಇರಬಾರದು, ಬದಲಾಗಿರಬಾರದು. ಶಿವಮೊಗ್ಗದ ಹತ್ತಿರದ ಸದಾಶಿವಪುರದಲ್ಲಿ ಕ್ಯಾಂಪು ಇರುವ ಹಕ್ಕಿಪಿಕ್ಕಿ ಸಮುದಾಯ ಕರ್ನಾಟಕದ ಪರಿಶಿಷ್ಟ ಪಂಗಡಗಳಲ್ಲೊಂದು. ಗುಜರಾತಿಗೆ ಹತ್ತಿರವಾದ ವಾಗ್ರಿಬೋಲಿಯನ್ನು ಮನೆಯಲ್ಲೂ ಕನ್ನಡವನ್ನು ಪೇಟೆಯಲ್ಲೂ ಆಡುವ ಈ ಜನ ಗಿಡಮೂಲಿಕೆಯ ಎಣ್ಣೆ, ಔಷಧಿಗಳನ್ನು ಮಾರುತ್ತ ಆಫ್ರಿಕದ ದೇಶಗಳವರೆಗೂ ಹೋಗಿಬರುತ್ತಾರೆ, 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಈ ಸಮುದಾಯದವರಿದ್ದರು. ಬೆರೆಯಲು ಸಂಕೋಚ ಎಂಬ ಅಳತೆಗೋಲನ್ನು ಇವರ ಮುಂದೆ ಹಿಡಿದರೆ ನಾಚಬೇಕಾದದ್ದು ಅಳತೆಗೋಲೇ. ಬಡತನವನ್ನೂ ವಂಚನೆಯನ್ನೂ ತೋರಿಸಲು ಬೇರೆ ದಾರಿಗಳಿರುವಾಗ, ಸೌಲಭ್ಯಕ್ಕಾಗಿ ಒಂದು ಜನ ತನ್ನ ದೈವವನ್ನು ಪರೀಕ್ಷಕರ ಮುಂದೆ ಹಳತಾಗಿ ನಿಲ್ಲಿಸಬೇಕಾದ ಸ್ಥಿತಿಯನ್ನು ತಂದಿಟ್ಟದ್ದರಲ್ಲಿ ಬಲ್ಲವರ ಶಾಸ್ತ್ರದ ಪಾಲೂ ಇದೆ.

ಇಷ್ಟೆಲ್ಲದರ ನಡುವೆಯೂ ಮಾನವಶಾಸ್ತ್ರಜ್ಞನಿಂದ ಮಾತ್ರ ಆಗಬಹುದಾದ ಕೆಲಸವೊಂದು ಉಳಿಯುತ್ತದೆ, ಅದನ್ನು ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆಯಿಂದ ತಿಳಿಯಬಹುದು. ಎರಡು ವರ್ಷಕ್ಕೊಮ್ಮೆ ನಡೆಯುವ ಈ ಜಾತ್ರೆಯಲ್ಲಿ ದೇವಿ ಮೊದಲು ಗಾಂಧಿ ಬಜಾರಿನ ತವರುಮನೆಯಲ್ಲಿ ಕುಳಿತು, ಮಡಿಲಕ್ಕಿ ಕೊಂಡು, ಅನಂತರ ಕೋಟೆಯ ಗದ್ದುಗೆಗೆ ಬರುತ್ತಾಳೆ. ಬೇರೆ ಬೇರೆ ಸಮುದಾಯಗಳಿಗೆ ಬೇರೆ ಬೇರೆ ಸೇವೆಗಳು ಸಂದಿವೆ. ತವರಿನಲ್ಲಿ ಬಾಗಿನ ಕೊಡುವವರು ಕಂಡ ದೇವಿಯೇ ಬೇರೆ, ಗದ್ದುಗೆಯ ಮುಂದೆ ಹರಕೆ ಒಪ್ಪಿಸುವವರು ಕಂಡ ದೇವಿಯೇ ಬೇರೆ. ಕನ್ನಡ ನಾಡಿನ ಹಲವೆಡೆ ಮಾರಿಯ ಬಗ್ಗೆ ಹೇಳುವ ಕತೆಯಲ್ಲಿ ಆಕೆ ಬ್ರಾಹ್ಮಣರ ಮಗಳು, ಜಾತಿ ಮರೆಸಿ ಮದುವೆಯಾದ ಅಸ್ಪೃಶ್ಯ ಗಂಡನ ಗುಟ್ಟು ಊಟದ ಹೊತ್ತಿನ ಒಂದು ಮಾತಿನಿಂದ ರಟ್ಟಾಗಿ ಆಕೆ ಉಗ್ರಳಾಗುತ್ತಾಳೆ, ಗಂಡ ಕೋಣನಾಗುತ್ತಾನೆ. ಈ ಕತೆಯನ್ನು ಮೇಲಿನವರು ಹೇಳಿದಾಗ ಮೋಸಕ್ಕೆ ತಕ್ಕ ಶಾಸ್ತಿಯಾಗುತ್ತದೆ. ಕೋಣನ ಕಡೆಯವರೆನಿಸಿಕೊಂಡವರು ಕೇಳಿದಾಗ ಅದು ಏನಾಗುತ್ತದೆಂಬುದನ್ನು ಮೇಲಿನವರು ಕೇಳಿ ತಿಳಿದುಕೊಂಡದ್ದು ಕಡಿಮೆ. ಜಾತ್ರೆಯ ಒಳಗಿನವರಲ್ಲಿ ಯಾರಿಗೂ ಜಾತ್ರೆ ಇಡಿಯಾಗಿ ಗೊತ್ತಿರುವುದಿಲ್ಲ, ಗೊತ್ತಿರಬೇಕಾದ ಅಗತ್ಯವೂ ಅವರಿಗಿಲ್ಲ. ತವರಿನ ಬಾಗಿನವನ್ನೂ ಗದ್ದುಗೆಯ ಹರಕೆಯನ್ನೂ ಕೇರಿಯ ಮನೆಯ ಕತೆಯನ್ನೂ ಒಬ್ಬರೇ ಕೇಳಿ ಬರೆದು, ಒಂದು ಮನೆಯವರ ಮಾತನ್ನು ಇನ್ನೊಂದು ಮನೆಯವರೂ ಓದುವಂತೆ ಮಾಡುವುದು ಹೊರಗಿನಿಂದ ಬಂದವರಿಗೆ, ಅಥವಾ ತಮ್ಮ ಮನೆಯಿಂದ ಹೊರಗೆ ಕಾಲಿಟ್ಟವರಿಗೆ, ಸಾಧ್ಯ. ಅದಕ್ಕೆ ದೇವಿಯಲ್ಲಿ ನಂಬಿಕೆ ಬೇಕಿಲ್ಲ. ಆದರೆ ಯಾವ ಮನೆಯ ಜಗಲಿಯ ಮೇಲೆ ಕುಳಿತು ಬರೆದದ್ದು ಎಂಬುದನ್ನು ಹೇಳಬೇಕಾಗುತ್ತದೆ. ರಾಂಪುರದ ಬಗ್ಗೆ 1976ರಲ್ಲಿ ಬರೆದ ಪುಸ್ತಕದಲ್ಲಿ ಶ್ರೀನಿವಾಸರು ತಾವು ಊರ ಮುಖ್ಯಸ್ಥರ ಆಶ್ರಯದಲ್ಲಿದ್ದುದರಿಂದ, ಬ್ರಾಹ್ಮಣರೆಂದು ಜನ ತಮ್ಮನ್ನು ನಡೆಸಿಕೊಂಡ ರೀತಿಯಿಂದ, ದಲಿತರ ಕೇರಿಯನ್ನು ಮೇಲಿನವರ ಬದುಕಿನಷ್ಟು ಹತ್ತಿರದಿಂದ ಕಾಣಲಾಗಲಿಲ್ಲವೆಂದು ತಾವಾಗಿ ಹೇಳಿಕೊಂಡಿದ್ದಾರೆ. ಆ ಊರಿನ ಪೂಜೆ, ಮಡಿ, ಹಬ್ಬಗಳ ಬಗ್ಗೆ ಅವರು ಕೊಟ್ಟ ವಿವರಗಳನ್ನು ಎಷ್ಟು ದೂರ ನೆಚ್ಚಬಹುದೆಂದು ಓದುಗರು ತಾವೇ ಅಳೆದುಕೊಳ್ಳಲು ಆ ಒಂದು ಮಾತಿನಿಂದಾಗಿ ಸಾಧ್ಯವಾಗಿದೆ.